ಮೇಷ್ಟ್ರ ತಪ್ಪಿನ ಪಟ್ಟಿ

ಈ ಬೆಳಗ್ಗೆ ಹೊಸದುರ್ಗದ ಬಸ್ ಸ್ಟ್ಯಾಂಡಿನ ಎದುರು ಒಂದು ತಳ್ಳುಗಾಡಿಗೆ ‘ತಾಜಾ ಅಣ್ಣುಗಳು’ ಎಂದು ಬರೆದ ರಟ್ಟು ಕಟ್ಟಿದ್ದರು. ಗಾಡಿಯ ತುಂಬ ಸೀಬೆ, ಒಂದು ಮೂಲೆಯಲ್ಲಿ ಒಂದಿಷ್ಟು ದಾಳಿಂಬೆ. ಅಣ್ಣಂದಿರು ಯಾರೂ ಕಾಣಲಿಲ್ಲ. ನಿಮಗೂ ನಗು ಬರುತ್ತಿತ್ತೋ ಏನೋ. ಒಂದು ಕಾಲದಲ್ಲಿ ನಾನಾದರೆ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿ, ಅವರೂ ನಕ್ಕರೆಂದು ಖಾತ್ರಿಯಾದ ಮೇಲೆ ಫೋನು ಒಳಗಿಡುತ್ತಿದ್ದೆ. ಇವತ್ತು ಹಾಗೆ ಮಾಡಲಿಲ್ಲ. ‘ಅಣ್ಣು ಅಂದರೆ ಹಣ್ಣು, ಇದು ಆಗಲೇ ಪಟ್ಟಿಯಲ್ಲಿದೆ’ ಎಂದುಕೊಂಡು ಶ್ರೀರಾಂಪುರದ ಬಸ್ಸಿಗೆ ಕಾಯುತ್ತ ನಿಂತೆ.

ಯಾವ ಪಟ್ಟಿ ಅಂತೀರಾ? ಬಸ್ಸು ಬರಲು ಇನ್ನೂ ಹೊತ್ತಿದೆ, ಹೇಳುತ್ತೇನೆ.

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಕೆಲವು ವರ್ಷಗಳ ಹಿಂದೆ ನನ್ನ ಅಮ್ಮ ಹೊಸ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತಳು. ಮೊದಲು ಹುಡುಕಿದ್ದು ಅಡುಗೆಯ ಒಂದು ವೆಬ್‌ಸೈಟಿನಲ್ಲಿ, ‘ಓಳಿಗೆ’ ಎಂದು. ‘ಏನೂ ಸಿಗಲಿಲ್ಲ’ ಎಂದಿತು ಅದು. ಅಮ್ಮ ಫೋನನ್ನು ನನ್ನ ಮುಂದೆ ಹಿಡಿದು, “ಇಷ್ಟ್ ದೊಡ್ಡ ಇಂಟರ್ನೆಟ್‌ನಾಗೆ ಒಂದ್ ಓಳಿಗೆ ಇಲ್ವೇನೆ?” ಎಂದಳು. ‘ಹೋ’ ಒತ್ತಮ್ಮಾ ಎಂದೆ. “ನಾನ್ ಅಂದಿದ್ದೂ ಅದೇ ಅಲ್ವಾ?” ಎಂದಳು. ಅವಳು ಅಂದಿದ್ದು ಅದೇ. ನನಗೆ ತಿಳಿದಿತ್ತು, ಆ ವೆಬ್‌ಸೈಟಿಗೆ ತಿಳಿದಿರಲಿಲ್ಲ, ಅಷ್ಟೇ.

ಅದಕ್ಕೊಂದು ಉಪಾಯವೆಂದು ನಾನೊಂದು ಸಣ್ಣ ಮಾಡ್ಯೂಲ್ ಬರೆದೆ. ವೆಬ್‌ಸೈಟುಗಳಲ್ಲಿ ಹುಡುಕುವ ಪೆಟ್ಟಿಗೆ ಇರುತ್ತದಲ್ಲ, ಅದರ ಹಿಂದೆ ಕೂತು, ಜನ ಹೇಗೇ ಬರೆದಿರಲಿ, ಅವರ ಮನಸ್ಸಿನಲ್ಲಿದ್ದ ಪದ ಯಾವುದೆಂದು ಊಹಿಸುವುದು ಅದರ ಕೆಲಸ. ಮುಕ್ತವಾಗಿ ಬಿಟ್ಟೆ. ಯಾರು ಬೇಕಾದರೂ ತಮ್ಮ ಸೈಟಿಗೆ ಹಾಕಿಕೊಳ್ಳಬಹುದು, ಒಳಗೇನಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ತಿದ್ದಿ ಕಳಿಸುವವರು ಒಬ್ಬೊಬ್ಬರಾಗಿ ಬಂದರು. ಹೀಗೆ ನಾನು ಒಂದು ಯೋಜನೆಯ ಮುಖ್ಯಸ್ಥೆಯಾದೆ. ನೆಂಟರ ಮದುವೆಯೊಂದರಲ್ಲಿ ನಮ್ಮ ಚಿಕ್ಕಪ್ಪ, “ಎಷ್ಟ್ ಜನ ಅವ್ರೆ ನಿನ್ ಕೈಕೆಳಗೆ?” ಎಂದು ಕೇಳಿದರು. “ಕೈಕೆಳಗೆ ಯಾರೂ ಇಲ್ಲ ಚಿಕ್ಕಪ್ಪ, ಎಲ್ಲರೂ ಅವರವರ ಇಷ್ಟಕ್ಕೆ ಬರೋರು” ಎಂದೆ. “ಅಂಗಾದ್ರೆ ನೀನು ಯಾತರ ಮುಖ್ಯಸ್ಥೆ?” ಎಂದವರೇ ಪಾಯಸದ ಸಾಲಿಗೆ ಹೋದರು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಗಲು ನನಗೆ ಬಹಳ ಕಾಲ ಹಿಡಿಯಿತು.

ಸ್ಥಳೀಯ ಪತ್ರಿಕೆಯೊಂದರಲ್ಲಿ ನಮ್ಮ ಕೆಲಸದ ಬಗ್ಗೆ ನಾಲ್ಕು ಸಾಲು ಬಂದ ದಿನ ರುದ್ರಪ್ಪ ಮೇಷ್ಟ್ರ ಫೋನು ಬಂತು. ಶ್ರೀರಾಂಪುರದವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಮಸ್ಕಾರ ಆದದ್ದೇ ಜಗಳ ಶುರು ಮಾಡಿದರು.

“ತಪ್ಪು ಬರೆದ್ರೂ ಸಿಗುತ್ತೆ ಅಂತ ಹಾಕ್ಸಿದೀರಲ್ಲ ತಾಯಿ, ಇನ್ನು ಯಾರಾದ್ರೂ ಸರಿಯಾಗ್ ಬರೆಯೋದು ಯಾಕೆ ಕಲೀಬೇಕು?”

“ಕಲಿಯೋದು ಬೇಡ ಅಂತಲ್ಲ ಸಾರ್. ಕಲಿಯೋವರೆಗೂ ಅವರು ಹುಡುಕೋದೇ ಬೇಡವಾ?”

ಅವರು ಫೋನು ಇಟ್ಟುಬಿಟ್ಟರು. ಸಿಟ್ಟಾದರೆಂದು ತಿಳಿದೆ. ಒಂದು ತಿಂಗಳ ಮೇಲೆ ಬಸ್ ಕಂಡಕ್ಟರ್ ಒಬ್ಬರ ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ಕು ಬಂತು. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಗೆರೆ ಎಳೆದು ಎರಡು ಕಾಲಂ ಮಾಡಿದ್ದರು. ಎಡಕ್ಕೆ ಜನ ಬರೆಯುವುದು, ಬಲಕ್ಕೆ ಅವರ ಮನಸ್ಸಿನಲ್ಲಿರುವುದು. ಮುತ್ತು ಪೋಣಿಸಿದ ಹಾಗಿತ್ತು ಅಕ್ಷರ. ಅಷ್ಟು ಚೆಂದದ ಅಕ್ಷರದಲ್ಲಿ ಅಷ್ಟೊಂದು ತಪ್ಪುಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಜೊತೆಗೊಂದು ಚೀಟಿ: ‘ಜೀವನವಿಡೀ ತಿದ್ದಿದ್ದು ನೆನಪಿದೆ. ಉಪಯೋಗವಾದರೆ ಆಗಲಿ.’

ಸಂಜೆ ಸಂಜೆ ಕೂತು ನಾನೇ ಅದನ್ನೆಲ್ಲ ಟೈಪ್ ಮಾಡಿ ಮಾಡ್ಯೂಲಿಗೆ ಸೇರಿಸಿದೆ. ಮೇಷ್ಟ್ರಿಗೆ ಅಲ್ಲಿ ಖಾತೆ ಇರಲಿಲ್ಲ. ಹಾಗಾಗಿ ಸೇರಿಸಿದವರ ಜಾಗದಲ್ಲಿ ನನ್ನ ಹೆಸರು ಕೂತಿತು. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಒಂದು ಭಾನುವಾರ ಚಿತ್ರದುರ್ಗದಲ್ಲಿ ಎಲ್ಲ ಸ್ವಯಂಸೇವಕರೂ ಸೇರೋಣವೆಂದು ದೊಡ್ಡದಾಗಿ ಕರೆ ಕೊಟ್ಟೆ. ಚಂದ್ರವಳ್ಳಿಯ ಕೆರೆ ದಂಡೆಗೆ ಬಂದವರು ನನ್ನನ್ನೂ ಸೇರಿಸಿ ನಾಲ್ಕು ಜನ. ಭಾಷಣ ಬರೆದುಕೊಂಡು ಹೋಗಿದ್ದೆ, ಬ್ಯಾಗಿನಲ್ಲೇ ಉಳಿಯಿತು. ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಮೇಷ್ಟ್ರು ಅಲ್ಲಿನ ಬಂಡೆಯ ಶಾಸನದ ಮುಂದೆ ಕೈಕಟ್ಟಿ ಬಹಳ ಹೊತ್ತು ನಿಂತಿದ್ದು, “ಇದನ್ ಕೆತ್ತಿದೋನಿಗೂ ಒಬ್ಬ ಮೇಷ್ಟ್ರು ಇದ್ದಿರ್ಬೇಕು. ಪುಣ್ಯಕ್ಕೆ ಆತನ ಕೆಂಪು ಮಸಿ ಕಲ್ಲಿನ ಮ್ಯಾಲೆ ನಿಲ್ಲಲಿಲ್ಲ” ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ, ಯಾಕೆಂದು ಕೇಳಲಿಲ್ಲ.

ಆ ಸಭೆಗೆ ಬಾರದವರಲ್ಲಿ ವಿನಯನೂ ಒಬ್ಬ. ಕಾರವಾರದ ಕಡೆಯವನು, ಅದುವರೆಗೂ ಮುಖ ನೋಡಿರಲಿಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಪ್ರೋಗ್ರಾಂ ಬರೆಯುತ್ತಿದ್ದ. ಅವನೊಂದು ದಿನ ದೊಡ್ಡ ಬದಲಾವಣೆಯೊಂದನ್ನು ಕಳಿಸಿದ. ಪಟ್ಟಿಯನ್ನು ಪೂರ್ತಿ ತೆಗೆದುಹಾಕಿ ಅದರ ಜಾಗದಲ್ಲಿ ಮೂರೇ ನಿಯಮ ಬರೆದಿದ್ದ. ‘ಹ’ಕಾರ ಇರಲಿ ಬಿಡಲಿ ಒಂದೇ ಎಂದು ತಿಳಿ, ಶ, ಷ, ಸ ಒಂದೇ ಎಂದು ತಿಳಿ, ಮಹಾಪ್ರಾಣವನ್ನು ಲೆಕ್ಕಕ್ಕೆ ಹಿಡಿಯಬೇಡ. ‘ಈ ಪಟ್ಟಿಗೆ ತಲೆಬುಡ ಇಲ್ಲ ಮೇಡಂ, ಕೈಗೆ ಸಿಕ್ಕಿದ್ದೆಲ್ಲ ತುಂಬಿದ ಹಾಗಿದೆ’ ಎಂದು ಬರೆದಿದ್ದ.

ಪಟ್ಟಿಯ ಮೇಲೆ ಇದ್ದದ್ದು ನನ್ನ ಹೆಸರು. ತಲೆಬುಡ ಇಲ್ಲ ಅಂದದ್ದು ನನಗೇ ತಾಗಿತು. ಇದು ನನ್ನದಲ್ಲ, ಒಬ್ಬ ಹಿರಿಯರ ಆಯುಷ್ಯದ ಕೆಲಸ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬುದ್ಧಿವಂತನ ಎದುರು ಹಳಬಳ ಹಾಗೆ ಕಾಣಬಾರದೆಂಬ ಹುಚ್ಚು ನನಗೆ. ‘ಒಳ್ಳೆಯ ಕೆಲಸ’ ಎಂದು ಬರೆದು ಒಪ್ಪಿಗೆ ಒತ್ತಿಬಿಟ್ಟೆ. ಮೇಷ್ಟ್ರನ್ನು ಕೇಳಲಿಲ್ಲ. ತಿಳಿಸಲೂ ಇಲ್ಲ.

ಹದಿನೈದು ದಿನ ಕಳೆದಿರಬೇಕು. ಹಿರಿಯೂರಿನ ಪಶುವೈದ್ಯೆ ಸುಜಾತಾ ಫೋನ್ ಮಾಡಿದರು. ಕುರಿಗಳ ಕಾಯಿಲೆ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದವರು, ನಮ್ಮ ಮಾಡ್ಯೂಲನ್ನು ಮೊದಮೊದಲು ಹಾಕಿಕೊಂಡವರಲ್ಲಿ ಒಬ್ಬರು. ಯಾವಾಗಲೂ ನಗುತ್ತ ಮಾತಾಡುವವರು ಅವತ್ತು ನಗಲಿಲ್ಲ.

“ಕುರಿ ಕಾಯೋ ಹೆಣ್ಮಗಳೊಬ್ಬಳು ನಮ್ಮ ಸೈಟಲ್ಲಿ ‘ವಟ್ಟೆ ಉಬ್ರ’ ಅಂತ ಹುಡುಕಿದಾಳೆ. ಏನೂ ಸಿಗಲಿಲ್ಲ ಅಂತ ಬಂದಿದೆ. ಹೋದ ತಿಂಗಳು ಅದೇ ಪದಕ್ಕೆ ಹೊಟ್ಟೆಯುಬ್ಬರದ ಪುಟ ಬರ್ತಿತ್ತು, ನಾನೇ ನೋಡಿದ್ದೆ. ಈ ಕಾಯಿಲೇಲಿ ಗಂಟೆಗಳ ಲೆಕ್ಕ ಮೇಡಂ. ಯಾರ್‍ಯಾರನ್ನೋ ಕೇಳಿ ನನ್ನ ನಂಬರ್ ಹುಡುಕಿ ಫೋನ್ ಮಾಡೋಷ್ಟರಲ್ಲಿ ಹೊತ್ತಾಗಿತ್ತು.”

“ಎಷ್ಟು ಕುರಿ?” ಎಂದೆ.

“ಎರಡಕ್ಕೆ ಬಂದಿತ್ತು. ಒಂದು ಉಳೀತು.”

ನಿಯಮಗಳನ್ನು ತೆಗೆದು ನೋಡಿದೆ. ‘ಒಟ್ಟೆ’ ಎಂದು ಬರೆದಿದ್ದರೆ ಹೊಟ್ಟೆ ಸಿಗುತ್ತಿತ್ತು. ‘ವಟ್ಟೆ’ ಎನ್ನುವುದು ಮೂರು ನಿಯಮಗಳಲ್ಲಿ ಯಾವುದಕ್ಕೂ ದಕ್ಕುವಂತಿರಲಿಲ್ಲ. ಮೇಷ್ಟ್ರ ನೋಟ್‌ಬುಕ್ಕು ತೆಗೆದೆ. ಮೊದಲ ಪುಟ, ಮೊದಲ ಸಾಲು: ವಟ್ಟೆ, ಹೊಟ್ಟೆ. ಕುರಿ ಕಾಯುವ ಆ ಹೆಂಗಸನ್ನು ನಾನು ನೋಡಿದವಳಲ್ಲ. ಆದರೂ ಆ ಹೊತ್ತು ಅವಳು ನನ್ನ ಎದುರೇ ನಿಂತು ಫೋನು ತೋರಿಸಿದಂತಾಯಿತು.

ಹಳೆಯ ಪಟ್ಟಿಯನ್ನು ಆಗಲೇ ವಾಪಸು ಹಾಕಿ, ವಿನಯನಿಗೆ ಎಲ್ಲವನ್ನೂ ಬರೆದೆ. ಪಟ್ಟಿ ಯಾರದು, ಯಾಕೆ ನನ್ನ ಹೆಸರಿತ್ತು, ನಾನು ಯಾಕೆ ಬಾಯಿ ಬಿಡಲಿಲ್ಲ, ಎಲ್ಲ. ಅವನ ಉತ್ತರ ಒಂದೇ ಸಾಲು: ‘ನೀವು ಹೇಳಿದ್ದರೆ ನಾನು ಕೈ ಹಚ್ಚುತ್ತಿರಲಿಲ್ಲ ಮೇಡಂ.’ ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನ ಕಾಲೇಜಿಗೆ ರಜೆ ಹಾಕಿ ಶ್ರೀರಾಂಪುರದ ಬಸ್ಸು ಹತ್ತಿದೆ.

“ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಮೇಷ್ಟ್ರ ಹೆಂಡತಿ ಗೌರಮ್ಮ ಚಾಪೆ ಹಾಸಿದರು. ಮೇಷ್ಟ್ರು ಎದುರಿಗೆ ಕೂತರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ನಡೆದದ್ದನ್ನು ಹೇಗೆ ಬಂತೋ ಹಾಗೆ ಹೇಳಿದೆ. ಕುರಿಯ ವಿಷಯವನ್ನೂ ಹೇಳಿದೆ.

ಮೇಷ್ಟ್ರು ತಲೆ ತಗ್ಗಿಸಿ ಕೇಳಿ, “ತೆಗೆದಿದ್ದು ನಂಗೆ ಗೊತ್ತಿತ್ತು. ಮೊಮ್ಮಗಳು ತೋರ್ಸಿದ್ಲು. ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ” ಎಂದರು. ಆಮೇಲೆ, “ತೆಗೀರಿ, ಅದಕ್ಕೇನು. ಒಂದ್ ಮಾತು ಕೇಳಬೋದಿತ್ತು” ಎಂದರು.

ನನಗೆ ಕಣ್ಣು ತುಂಬಿ ಬಂತು. ಅದನ್ನು ನೋಡಿದ ಗೌರಮ್ಮ, “ಇವ್ರೇನು ಕಮ್ಮಿ ಅಂತ ತಿಳ್ಕಂಡಿದೀರಾ? ಆ ‘ವಟ್ಟೆ’ ನಂದು!” ಎಂದು ನಗತೊಡಗಿದರು.

ಆಗ ತಿಳಿಯಿತು. ಮದುವೆಯಾದ ಹೊಸದರಲ್ಲಿ ಮೇಷ್ಟ್ರಿಗೆ ಹಿರಿಯೂರಿನ ಆಚೆಯ ಹಳ್ಳಿಯಲ್ಲಿ ಕೆಲಸ, ಗೌರಮ್ಮ ಅತ್ತೆ ಮನೆಯಲ್ಲಿ. ನಾಲ್ಕನೇ ಕ್ಲಾಸು ಓದಿದ ಹುಡುಗಿ ಗಂಡನಿಗೆ ಕಾಗದ ಬರೆದಳು: ‘ವಟ್ಟೆ ತುಂಬ ಉಣ್ರಿ’ ಎಂದು. ಮೇಷ್ಟ್ರು ಉತ್ತರವನ್ನೇನೋ ಬರೆದರು. ಜೊತೆಗೆ ಅವಳ ಕಾಗದವನ್ನೂ ಕೆಂಪು ಮಸಿಯಲ್ಲಿ ತಿದ್ದಿ ವಾಪಸು ಕಳಿಸಿದರು. ಎರಡನೆಯದೂ ಹಾಗೇ.

“ಮೂರನೇದ್ರಾಗೆ ಅತ್ತಕ್ಕೆ ನಾಕು ಅಂತ ನಂಬರ್ ಬ್ಯಾರೆ ಆಕಿದ್ರು!” ಎಂದರು ಗೌರಮ್ಮ.

“ನಾಲ್ಕನೆಯದು?” ಎಂದೆ.

“ಬರೀಲಿಲ್ಲ. ಯಾಕ್ ಬರೀಬೇಕು, ಬಾಯಿ ಐತಲ್ಲ” ಎಂದು ಎದ್ದು ಚಾ ಇಡಲು ಒಳಗೆ ಹೋದರು.

ಮೇಷ್ಟ್ರು ಬಾಗಿಲ ಕಡೆಯೇ ನೋಡುತ್ತಿದ್ದರು. ದನಿ ತಗ್ಗಿಸಿ ಹೇಳಿದರು: “ಚೆನ್ನಾಗ್ ಕಲೀಲಿ ಅಂತಾನೇ ಮಾಡಿದ್ದು ತಾಯಿ. ಆ ವಯಸ್ಸಿಗೆ ಅದು ಪ್ರೀತಿ ಅಂತ ತಿಳ್ಕಂಡಿದ್ದೆ. ಇವಳು ಇವತ್ತಿಗೂ ಒಂದಕ್ಷರ ಬರೆದಿಲ್ಲ. ಮನೇಲಿದ್ದೋಳ ವಿಷ್ಯ ಗೊತ್ತಾತು. ಇಸ್ಕೂಲ್ನಾಗೆ ನನ್ ಕೆಂಪು ಮಸಿ ನೋಡಿ ಬರೆಯೋದೇ ಬಿಟ್ಟ ಮಕ್ಕಳು ಎಷ್ಟು ಅವೆಯೋ, ಯಾರಿಗೆ ಗೊತ್ತು? ಅವತ್ತು ಫೋನ್ನಾಗೆ ನೀವು ಅಂದ್ರಲ್ಲ, ಕಲಿಯೋವರ್ಗೂ ಹುಡುಕೋದೇ ಬ್ಯಾಡವಾ ಅಂತ. ಮೂರು ದಿನ ಊಟ ಸೇರಲಿಲ್ಲ. ಆಮೇಲೆ ಗೆರೆ ಎಳೆದು ಕುಂತೆ.”

ಚಾ ಬಂತು, ಕುಡಿದೆವು. ಹೊರಡುವಾಗ, ಪಟ್ಟಿಗೆ ನಿಮ್ಮ ಹೆಸರು ಹಾಕುತ್ತೇನೆ, ಇವತ್ತೇ ಹಾಕುತ್ತೇನೆ ಎಂದೆ. “ನಂದು ಬ್ಯಾಡ. ಹಾಕಂಗಿದ್ರೆ ಅವಳ್ದು ಹಾಕ್ರಿ” ಎಂದರು. ಎರಡನ್ನೂ ಹಾಕಿದೆ, ಗೌರಮ್ಮನವರದು ಮೊದಲು.

ಆಮೇಲೆ ವಿನಯನೇ ನಿಯಮಗಳನ್ನೂ ಪಟ್ಟಿಯನ್ನೂ ಒಂದಕ್ಕೊಂದು ಹೊಂದುವಂತೆ ಕೂಡಿಸಿದ. ನಿಯಮ ಎಲ್ಲಿ ಸೋಲುತ್ತದೋ ಅಲ್ಲಿ ಪಟ್ಟಿ ಕೈಹಿಡಿಯುತ್ತದೆ. ಯಾರ ಕೆಲಸವನ್ನೇ ತೆಗೆಯುವುದಿರಲಿ, ಅವರನ್ನು ಕೇಳಿಯೇ ತೆಗೆಯಬೇಕೆಂದು ಎಲ್ಲರಿಗೂ ಬರೆದು ತಿಳಿಸಿದೆವು. ಸುಜಾತಾ ಅವರಿಗೂ ಕ್ಷಮೆ ಕೇಳಿದೆ, ಆ ಕುರಿಗಾಹಿ ಹೆಂಗಸಿಗೆ ತಿಳಿಸಿರೆಂದೆ. ತಿಳಿಸಿದರಂತೆ. “ಅವ್ರಿಗೆ ಗೊತ್ತಿರ್ಲಿಲ್ಲ ಅಂದ್ರೆ ಏನ್ ಮಾಡಕ್ಕಾಯ್ತದೆ” ಅಂದಳಂತೆ. ಗೊತ್ತಿತ್ತು ಎಂಬುದೇ ನನ್ನ ಸಂಕಟ. ಅದು ಈಗಲೂ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡ.

ಈಗ ಮುಖ್ಯಸ್ಥ ವಿನಯ. ಹೋದ ವರ್ಷ ಬಿಟ್ಟುಕೊಟ್ಟೆ. ನನಗೆ ಉಳಿದಿರುವ ಕೆಲಸ ಒಂದೇ. ತಿಂಗಳಿಗೊಮ್ಮೆ ಶ್ರೀರಾಂಪುರಕ್ಕೆ ಹೋಗಿ ಹೊಸ ಪುಟಗಳನ್ನು ತರುವುದು. ನಾನು ಈವರೆಗೆ ಮಾಡಿದ ಕೆಲಸಗಳಲ್ಲಿ ನನಗೆ ಒಗ್ಗಿದ್ದು ಇದೇ ಇರಬೇಕು.

ಬಸ್ಸು ಬಂತು, ಶ್ರೀರಾಂಪುರವೂ ಬಂತು. ಮೇಷ್ಟ್ರ ಮನೆಯ ಹೊರಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಗೌರಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಮೇಷ್ಟ್ರು ಪಕ್ಕದಲ್ಲೇ, ತೊಡೆಯ ಮೇಲೆ ನೋಟ್‌ಬುಕ್ಕು. ಇಬ್ಬರೂ ನನ್ನನ್ನು ನೋಡಲಿಲ್ಲ.

“ಈರೇಕಾಯಿ” ಎಂದರು ಗೌರಮ್ಮ.

ಮೇಷ್ಟ್ರು ಬರೆದರು. ಗೌರಮ್ಮ ಮೊರ ಕೆಳಗಿಟ್ಟು, ಬಗ್ಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡರು.

“ಇದೇನ್ರಿ, ‘ಹೀ’ ಬರ್ದೀರಿ? ನಾನಂದಿದ್ದು ‘ಈ’. ತಪ್ಪು. ಒಡ್ದಾಕ್ರಿ.”

ಮೇಷ್ಟ್ರು ಗೆರೆ ಎಳೆದು ಅದನ್ನು ಹೊಡೆದುಹಾಕಿದರು. ಕೆಳಗೆ ಮತ್ತೆ ಬರೆದು, ನೋಟ್‌ಬುಕ್ಕನ್ನು ಅವರ ಕಡೆ ತಿರುಗಿಸಿ, “ಈಗ?” ಎಂದರು.

ಗೌರಮ್ಮ ಮತ್ತೊಮ್ಮೆ ಬೆರಳಿಟ್ಟು ನೋಡಿದರು.

“ಊಂ, ಸರಿಯಾತು. ಮುಂದಿಂದು ಬರ್ಕಳ್ರಿ.”

ನಾನು ಸದ್ದಾಗದಂತೆ ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಕೂತೆ.