ಹತ್ತು ಎಣಿಸುವ ತನಕ ತೊಟ್ಟಿಕ್ಕಲಿ

ಪೀಣ್ಯದಲ್ಲಿ ಲೋಹದ ಪೀಸುಗಳಿಗೆ ಹೊಳಪು ಕೊಡುವ ಒಂದು ಕ್ರೋಮ್ ಪ್ಲೇಟಿಂಗ್ ಶೆಡ್ಡಿನಲ್ಲಿ ನಾನು ಕೆಲಸಕ್ಕಿದ್ದಾಗ ಕೈಗಿಂತ ಜಾಸ್ತಿ ದುಡಿದದ್ದು ಬಾಯಿ. ಯಜಮಾನರು ಮೂಗಿನಲ್ಲಿ "ಬೇಗ ಬೇಗ ಎತ್ರೋ" ಅಂದು ಆಚೆ ಹೋದರೆ, ಅದೇ ದನಿ ನನ್ನ ಬಾಯಿಂದ ಸಂಜೆತನಕ ಒಳಗೆ ಕೂಗುತ್ತಿತ್ತು. ನನ್ನ ರಾಯಚೂರು ಮಾತನ್ನು ಬೇರೆಯವರು ಆಡಿಕೊಳ್ಳುವ ಮೊದಲು ನಾನೇ ಆಡಿಕೊಂಡುಬಿಡುತ್ತಿದ್ದೆ.

ಶೆಡ್ಡಿನ ಹಿಂದಿನ ವಠಾರದಲ್ಲಿ ನಮ್ಮೆಲ್ಲರ ಬಾಡಿಗೆ ರೂಮು. ವಠಾರದ ಓನರಮ್ಮ ಹಳೇ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮನ್ನು ಬೆಳೆದಿದ್ದರು. ಅವರ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಒಂದು ಬೆಳಿಗ್ಗೆ ಓನರಮ್ಮ ಬೋರ್‌ವೆಲ್ ನೀರಿನ ಚೊಂಬು ನನ್ನ ಮುಂದೆ ಹಿಡಿದರು.

"ಅಳದಿ ಆಗೈತೆ ನೋಡಪ್ಪ. ಕೂಸಿಗೆ ಎಂಗೆ ಉಯ್ಯೋದು?"

"ಅರಿಶಿಣದ ಖರ್ಚು ಉಳೀತಲ್ರೀ ಅಮ್ಮ," ಅಂದೆ.

ಅವರು ನಗಲಿಲ್ಲ.

ಒಂದು ಬಾಟಲಿಗೆ ಆ ನೀರು, ಇನ್ನೊಂದಕ್ಕೆ ಶೆಡ್ಡಿನಲ್ಲಿ ಪೀಸು ತೊಳೆಯುವ ಟ್ಯಾಂಕಿನ ನೀರು ತುಂಬಿ ಬಿಸಿಲಿಗಿಟ್ಟೆ. ಎರಡೂ ಹಳದಿ, ಅಕ್ಕತಂಗಿಯರ ಹಾಗಿದ್ದವು. ಯಜಮಾನರು ಕಂಡರು.

"ಏನೋ, ಜ್ಯೂಸ್ ಅಂಗಡಿನಾ?"

"ಒಂದು ಓನರಮ್ಮನ ಬೋರಿಂದು ಸಾರ್. ಇನ್ನೊಂದು ನಮ್ದು."

ಅವರು ದನಿ ತಗ್ಗಿಸಿದರು. "ಕಂಪ್ಲೇಂಟ್ ಆದ್ರೆ ಬೀಗ ಬೀಳುತ್ತೆ ಕಣೋ. ಹನ್ನೊಂದು ಜನ ವಾಪಸ್ ಊರಿಗೆ."

ಬೀಗ ಬಿದ್ದರೆ ರೂಮುಗಳೂ ಖಾಲಿ. ಅದು ಗೊತ್ತಿದ್ದೇ ಓನರಮ್ಮ ಚೊಂಬನ್ನು ಮಾಲಿನ್ಯ ನಿಯಂತ್ರಣದ ಆಫೀಸಿಗೆ ಒಯ್ಯದೆ ನನ್ನ ಹತ್ತಿರ ತಂದಿದ್ದರು.

ಹಾಗಾದರೆ ನೀರನ್ನು ಹಳದಿ ಮಾಡುವ ಆ ಕ್ರೋಮ್ ಆಚೆ ಹೋಗುತ್ತಿರುವುದು ಎಲ್ಲಿಂದ? ಕೆಲಸ ಬಿಟ್ಟು ಕೆಲಸ ನೋಡುತ್ತಾ ನಿಂತೆ. ಕ್ರೋಮ್ ಟ್ಯಾಂಕಿನಿಂದ ಎತ್ತಿದ ಪೀಸು ಇನ್ನೂ ಸುರಿಯುತ್ತಿರುವಾಗಲೇ ತೊಳೆಯುವ ನೀರಿಗೆ ಅದ್ದುತ್ತಿದ್ದೆವು. ಆ ನೀರು ಸೀದಾ ಮೋರಿಗೆ, ಮೋರಿಯಿಂದ ನೆಲದೊಳಕ್ಕೆ. ಅಷ್ಟು ಅವಸರ ಯಾಕೆ? "ಬೇಗ ಬೇಗ" ಅಂತ ಒಬ್ಬ ಕೂಗುತ್ತಿದ್ದನಲ್ಲ. ದಿನಕ್ಕೆರಡು ಸಲ ಯಜಮಾನರು, ಮಿಕ್ಕಿದ್ದೆಲ್ಲ ನಾನು.

ಮರುದಿನ ಅದೇ ಮೂಗಿನ ದನಿಯಲ್ಲಿ, "ಟ್ಯಾಂಕ್ ಮೇಲೇ ಹಿಡೀರೋ, ತೊಟ್ಟಿಕ್ಲಿ, ಹತ್ತು ಎಣಿಸಿ" ಅಂದೆ. ಎಲ್ಲರೂ ಹಿಡಿದು ನಿಂತರು. ತಿರುಗಿದರೆ ಹಿಂದೆ ಯಜಮಾನರು.

"ನಾನ್ ಯಾವಾಗೋ ಹಂಗಂದೆ?"

"ಈಗ ಅಂದ್ರಲ್ರೀ ಸಾರ್."

ಹನಿಗಳು ಟ್ಯಾಂಕಿಗೇ ವಾಪಸ್ ಬೀಳುವುದನ್ನು ಅವರು ನೋಡಿದರು. ಆಮೇಲೆ ತಾವೂ ಎಣಿಸತೊಡಗಿದರು.

ವಾರ ಬಿಟ್ಟು ಎರಡನ್ನೂ ಹೊಸದಾಗಿ ತುಂಬಿದೆ. ಶೆಡ್ಡಿನ ಬಾಟಲಿ ತಿಳಿಯಾಗಿತ್ತು. ಬೋರಿನದು ಆಗಿರಲಿಲ್ಲ. ಕೂಸಿಗೆ ಟ್ಯಾಂಕರ್ ನೀರು ಹುಯ್ದರು.

"ನೆಲದ ಒಳಗಿಂದು ಯಾವಾಗ ತಿಳಿಯಾಯ್ತದಪ್ಪ?" ಓನರಮ್ಮ ಕೇಳಿದರು.

ಕೂಸು ಶಾಲೆಗೆ ಸೇರಿದ ವರ್ಷ ಆ ವಠಾರಕ್ಕೆ ಹೋಗಿ ಬೋರಿನ ನೀರು ಒಂದು ಚೊಂಬು ಹಿಡಿದು ನೋಡಿದೆ. ಇನ್ನೂ ಎಳೆ ಹಳದಿ. ಕೂಸು ಬಗ್ಗಿ ನೋಡಿ, "ಮಾಮ, ಇದು ಜ್ಯೂಸಾ?" ಅಂತು.