ಗುಡ್ಡದ ನೀರಿಗೊಂದು ಸಹಿ

ಎರಡು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲು ಮುಗಿದು, ಗಿಡ ಹೂಬಿಡಲು ಬೇಕಾದ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ಮೂಡಿಗೆರೆಯ ಬಾಡಿಗೆ ಮನೆಯಲ್ಲಿ ಟೈಲರಿಂಗ್ ಮಾಡಿಕೊಂಡಿದ್ದ ನಾನು ಮತ್ತು ನನ್ನ ಯಜಮಾನರು, ಕೂಡಿಟ್ಟದ್ದನ್ನೆಲ್ಲ ಹಾಕಿ ಬಣಕಲ್ ಹತ್ತಿರ ಒಂದು ಸಣ್ಣ ಹೆಂಚಿನ ಮನೆ ಕೊಳ್ಳಲು ಹೊರಟಿದ್ದೆವು. ಮಾರುವವರು ರಾಮಣ್ಣ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಹಾಸನದಲ್ಲಿ ತಮ್ಮನ ಪಕ್ಕದಲ್ಲೇ ಮನೆ ಕಟ್ಟಿಕೊಂಡಿದ್ದರು.

ಕ್ರಯಪತ್ರ ಬರೆಸಲು ಮೂವರೂ ಲಾಯರ್ ಸುಜಾತಾ ಅವರಲ್ಲಿಗೆ ಹೋದೆವು. ಅವರು ಕಾಗದಗಳನ್ನು ನಿಧಾನವಾಗಿ ತಿರುವಿ ನೋಡಿ, ಎಲ್ಲ ಸರಿಯಿದೆ ಎಂದರು. ಬ್ಲೌಸ್ ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದ ನನಗೆ ಏಳುವ ಆತುರ. ಅಷ್ಟರಲ್ಲಿ ಅವರು, "ಬಾವಿ ಎಲ್ಲಿದೆ?" ಎಂದು ಕೇಳಿದರು.

"ಬಾವಿ ಯಾಕೆ ಮೇಡಂ? ಗುಡ್ಡದಿಂದ ಪೈಪಲ್ಲಿ ನೀರು ತಾನಾಗೇ ಬರುತ್ತೆ. ಮೋಟಾರೂ ಬೇಡ, ಕರೆಂಟೂ ಬೇಡ," ಎಂದೆ ಹೆಮ್ಮೆಯಿಂದ.

"ಯಾರ ಗುಡ್ಡ?"

ರಾಮಣ್ಣ ಹೇಳಿದರು: "ಮೇಲಿನ ಎಸ್ಟೇಟ್ ಗೌಡ್ರದ್ದು. ಅವರಪ್ಪ ಇದ್ದಾಗ ಪೈಪ್ ಎಳ್ಕೋ ಅಂದಿದ್ರು. ಇವತ್ತಿನವರೆಗೆ ಯಾರೂ ಕೇಳಿಲ್ಲ."

"ಅವರು ಕೊಟ್ಟಿದ್ದು ನಿಮಗೆ ರಾಮಣ್ಣ, ಮನೆಗಲ್ಲ," ಎಂದ ಲಾಯರ್ ನನ್ನ ಕಡೆ ತಿರುಗಿದರು. "ನೀರಿನ ಹಕ್ಕು ಈ ಮನೆಗೇ ಸೇರಿದ್ದು ಅಂತ ಗೌಡ್ರು ಬರೆದುಕೊಟ್ಟು ರಿಜಿಸ್ಟರ್ ಆಗ್ಲಿ. ಆಮೇಲೆ ತೋಟ ಯಾರ ಕೈಗೆ ಹೋದ್ರೂ ನಿಮ್ಮ ನೀರು ನಿಮಗೆ. ಅಲ್ಲಿತನಕ ಸೈನ್ ಹಾಕ್ಬೇಡಿ."

ಹೊರಗೆ ಬಂದದ್ದೇ ರಾಮಣ್ಣ ಮುಖ ಊದಿಸಿಕೊಂಡರು. "ಗೌಡ್ರ ಮಾತಿನ ಮೇಲೆ ನಂಬಿಕೆ ಇಲ್ಲ ಅಂದಂಗಾಯ್ತಲ್ಲ. ಕೇಳಕ್ಕೆ ನಾನಂತೂ ಬರಲ್ಲ." ಯಜಮಾನರೂ, "ಬಿಡು ಮಾರಾಯ್ತಿ, ನೀರಿಗೆ ಯಾರಾದ್ರೂ ಬರೆಸ್ಕೊಳ್ತಾರಾ?" ಎಂದರು. ನಮ್ಮ ಕಡೆ ಗುಡ್ಡದ ನೀರನ್ನು ಬಾಯಿಮಾತಿನಲ್ಲಿ ಕೇಳುವುದು, ಬಾಯಿಮಾತಿನಲ್ಲಿ ಕೊಡುವುದು. ಆದರೆ ಆ ಮನೆಗೆ ಬೋರ್ ಕೊರೆಯುವ ಲಾರಿ ಹೋಗುವ ದಾರಿಯೇ ಇಲ್ಲ. ನೀರು ನಿಂತರೆ ಬರೀ ಗೋಡೆ ಇಟ್ಟುಕೊಂಡು ಏನು ಮಾಡುವುದು? ಹಟ ಹಿಡಿದು ಯಜಮಾನರನ್ನು ಗೌಡರ ಮನೆಗೆ ಕರೆದುಕೊಂಡು ಹೋದೆ.

ಗೌಡರು ಕಾಫಿ ಕೊಡಿಸಿ, ವಿಷಯ ಕೇಳಿ ನಕ್ಕರು. "ನಾಳೆ ಗಾಳಿಗೂ ಸೈನ್ ಕೇಳ್ತೀಯೇನಮ್ಮ?"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಲೋಟ ತೆಗೆಯಲು ಬಂದ ಅವರ ಹೆಂಡತಿ, "ನಗ್ಬೇಡಿ. ತೋಟ ಕೊಡೋ ಮಾತಾಡ್ತಿದೀವಿ. ತಗೊಂಡೋರು ನಿಮ್ಮ ಬಾಯಿಮಾತು ನಡೆಸ್ತಾರಾ?" ಎಂದರು.

ಗೌಡರು ನಗು ನಿಲ್ಲಿಸಿ, "ರಾಮಣ್ಣಂಗೂ ಬರಕ್ಕೆ ಹೇಳು. ಎಲ್ಲ ಒಂದೇ ಸಲ ಮುಗಿಸೋಣ," ಎಂದರು. ಹಾಗೆಯೇ ನೀರಿನ ಪತ್ರ, ಮನೆಯ ಕ್ರಯಪತ್ರ ಎರಡೂ ಒಂದೇ ದಿನ ರಿಜಿಸ್ಟರ್ ಆದವು. ತೋಟ ಜಂಟಿಯಾಗಿದ್ದರಿಂದ ನೀರಿನ ಪತ್ರಕ್ಕೆ ಗೌಡರು, ಅವರ ಹೆಂಡತಿ ಇಬ್ಬರೂ ಸಹಿ ಹಾಕಿದರು.

ಮರುವರ್ಷ ತೋಟ ಮಾರಾಟವಾಯಿತು. ಹೊಸಬರು ರೆಸಾರ್ಟ್ ಮಾಡುವವರಂತೆ. ಅವರ ಮ್ಯಾನೇಜರ್ ಒರತೆಯ ಹತ್ತಿರವಿದ್ದ ಪೈಪುಗಳನ್ನು ಒಂದೊಂದಾಗಿ ಕೀಳಿಸುತ್ತಾ ನಮ್ಮ ಅಂಗಳಕ್ಕೂ ಬಂದು, "ಇವತ್ತಿಂದ ನೀರು ಬಂದ್," ಎಂದರು. ಒಳಗೆ ಹೋಗಿ ನೀರಿನ ಪತ್ರದ ನಕಲು ತಂದುಕೊಟ್ಟೆ. ನಿಂತಲ್ಲೇ ಓದಿದರು, ಯಾರಿಗೋ ಫೋನ್ ಮಾಡಿದರು. ಕೊನೆಗೆ, "ನಿಮ್ಮದು ಇರ್ಲಿ ಅಕ್ಕ," ಎಂದರು.

ಅವರು ಗೇಟು ದಾಟಿದ ಮೇಲೆ ನಲ್ಲಿ ತಿರುಗಿಸಿ ನೋಡಿದೆ, ನೀರು ಬರುತ್ತಿತ್ತು. ಬಾಯಿಮಾತಿನ ಮೇಲೇ ನೀರು ತಂದುಕೊಂಡಿದ್ದ ಕೆಳಗಿನ ಮನೆಯವರ ಪೈಪು ಮಾತ್ರ ಹೋಯಿತು; ಅವರು ಈಗ ನಮ್ಮ ನಲ್ಲಿಯಲ್ಲೇ ಕೊಡ ತುಂಬಿಕೊಳ್ಳುತ್ತಾರೆ. ಮನೆ ಕೊಳ್ಳುವ ಪರಿಚಯದವರಿಗೆ ನಾನು ಹೇಳುವುದು ಇಷ್ಟೇ: ಲಾಯರಿಗೆ ಬರೀ ಕಾಗದ ತೋರಿಸಿ ಎದ್ದು ಬರಬೇಡಿ. ಆ ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ, ಯಾವ ದಾರಿಯಲ್ಲಿ ಓಡಾಡುತ್ತೀರಿ, ಯಾರ ಗುಡ್ಡದ ನೀರು ಕುಡಿಯುತ್ತೀರಿ, ಅದನ್ನೂ ಕೂತು ಹೇಳಿ.