ಮಲಗಿದ ಗುಡ್ಡದ ಎಣಿಕೆ

ತಂಬ್ರಹಳ್ಳಿಯಿಂದ ಕೂಡ್ಲಿಗಿ ಕಡೆಯ ಒಂದು ಊರಿಗೆ ಸೊಸೆಯಾಗಿ ಬಂದ ಮರುದಿನ ಗಾಳೆಮ್ಮ ಹಿತ್ತಿಲ ಬಾಗಿಲು ತೆಗೆದಳು. ಎದುರಿಗೇ ಕಲ್ಲುಗುಡ್ಡ. ಶ್ರಾವಣದ ಮೋಡದ ನೆರಳು ಅದರ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ಬಂಡೆಯ ಸಂದು ಸಂದಿನಲ್ಲೂ ಸೀತಾಫಲದ ಗಿಡವಿತ್ತು. ಇದು ಮೂವತ್ತು ವರ್ಷದ ಹಿಂದಿನ ಮಾತು. ಅಂದಿನಿಂದ ಆ ಹಣ್ಣೇ ಅವಳ ಬದುಕು. ಕಾಯಿಯ ಮೈಗೆರೆ ಬಿರಿದು ಬೆಳ್ಳಗಾದರೆ 'ಕಣ್ಣು ಬಿಟ್ಟೈತಿ' ಎಂದು ಕೀಳುತ್ತಾಳೆ. ಹುಲ್ಲಲ್ಲಿಟ್ಟು ಮಾಗಿಸಿ, ಕೊಟ್ಟೂರಿನ ಉಸ್ಮಾನ್ ಸಾಬರ ಟೆಂಪೊ ಬಂದಾಗ ಬುಟ್ಟಿ ಏರಿಸುತ್ತಾಳೆ. ಗುಡ್ಡದ ತುದಿಯ ಹಣ್ಣು ಮಾತ್ರ ಅಲ್ಲಿನ ಕರಡಿಗಳಿಗೆ ಬಿಟ್ಟದ್ದು.

ಬೇಸಿಗೆಯಲ್ಲಿ ಎಲೆ ಉದುರಿದ ಮೇಲೆ ಊರ ಹೆಂಗಸರು ಹಳೆಯ ರೆಂಬೆ ಕಡಿದು ಒಲೆಗೆ ಒಯ್ಯುತ್ತಾರೆ. ಬುಡ ಒಂದು ಗೇಣು ಬಿಡಲೇಬೇಕು. ಈ ವರ್ಷ ಗುಡ್ಡದ ಒಂದು ಮಗ್ಗುಲು, ಬರುವ ವರ್ಷ ಇನ್ನೊಂದು. ಮೂರು ವರ್ಷಕ್ಕೆ ಒಂದು ಸುತ್ತು. ಮಳೆ ಬಿದ್ದರೆ ಆ ಬುಡಗಳೆಲ್ಲ ಚಿಗುರುತ್ತವೆ.

ಈ ಸಲ ಮಾತ್ರ ಗಾಳೆಮ್ಮ ತಪ್ಪಿದಳು. ಅವಳು ಗ್ರಾಮ ಅರಣ್ಯ ಸಮಿತಿಯ ಸದಸ್ಯೆ. ದಿಲ್ಲಿಯಿಂದ ಹೊಸ ಯೋಜನೆ ಬಂದಿದೆ, ಊರೂರಿನ ಕಾಡು ಎಣಿಸುತ್ತಾರೆ, ಕಾಡಿನಿಂದ ಜನ ಏನು ಪಡೆಯುತ್ತಾರೆ ಎಂದು ಬರೆದುಕೊಳ್ಳುತ್ತಾರೆ ಎಂದು ಸಭೆಯಲ್ಲಿ ಹೇಳಿದ್ದರು. ದೊಡ್ಡವರು ನೋಡಲು ಬರುವಾಗ ಗುಡ್ಡ ತಲೆ ಕೆದರಿಕೊಂಡು ನಿಂತಿದ್ದರೆ ಹೇಗೆ? ಬೀಗರು ಬರುವ ಮುಂಚೆ ಅಂಗಳ ಸಾರಿಸುವ ಹಾಗೆ, ಹೆಂಗಸರನ್ನೆಲ್ಲ ಕೂಡಿಸಿ ಮೂರೂ ಮಗ್ಗುಲನ್ನು ಒಂದೇ ವಾರದಲ್ಲಿ ಕಡಿಸಿ ಚೊಕ್ಕ ಮಾಡಿಸಿದಳು.

ಏಪ್ರಿಲ್‌ನಲ್ಲಿ ಯೋಜನೆಯ ಕಡೆಯಿಂದ ಎಣಿಸಲು ಬಂದವನು ಹರಪನಹಳ್ಳಿಯ ಪಾಲಾಕ್ಷ. ಗುಡ್ಡವನ್ನು ಒಂದು ಸುತ್ತು ನೋಡಿ, ಕಲ್ಲಿನ ಬಣ್ಣದ ಗೇಣುದ್ದದ ಬುಡಗಳು ಕಣ್ಣಿಗೆ ಬೀಳದೆ, ಮೊಬೈಲಿನಲ್ಲಿ 'ಖಾಲಿ ಗುಡ್ಡ' ಎಂದು ಬರೆದುಕೊಂಡ. ಖಾಲಿ ಇದ್ದ ಕಡೆ ಮುಂದಿನ ತಿಂಗಳು ಜೆಸಿಬಿ ಬಂದು ಉದ್ದಕ್ಕೂ ಕಂದಕ ತೋಡುತ್ತದೆ, ಬೇರೆ ಸಸಿ ನೆಡುತ್ತಾರೆ ಎಂದು ಸಮಾಧಾನದಿಂದಲೇ ವಿವರಿಸಿದ. ಕಂದಕ ತೋಡಿದರೆ ಬುಡಗಳೆಲ್ಲ ಬೇರುಸಹಿತ ಹೋಗುತ್ತವೆ ಎಂದು ಗಾಳೆಮ್ಮನಿಗೆ ಹೊಳೆಯಿತು.

"ಬೀಗರು ಬರ್ತಾರ ಅಂತ ಕಸ ಹೊಡದು ಹೊಡದು, ಮನೀನ ಹೊರಗ ಚೆಲ್ಲಿದೆಲ್ಲ ಗಾಳೆವ್ವ" ಎಂದಳು ಜೊತೆಗೆ ಬಂದಿದ್ದ ನೆರೆಮನೆಯ ಕೊಟ್ರಮ್ಮ.

ಗಾಳೆಮ್ಮ ಪಾಲಾಕ್ಷನ ಕಡೆ ತಿರುಗಿದಳು. "ಖಾಲಿ ಅಲ್ರಿ ಸಾರ್. ಮಲಗೈತಿ."

"ಮಲಗಿದ್ದನ್ನ ಹೆಂಗೆ ಬರ್ಕಳ್ಳಲಮ್ಮ? ನಾನು ಕಂಡಿದ್ದಷ್ಟೇ ಬರೀಬೇಕು."

ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಬುಡವನ್ನು ಹೆಬ್ಬೆರಳ ಉಗುರಿನಿಂದ ಕೆರೆದಳು. ಬೂದು ತೊಗಟೆಯ ಕೆಳಗೆ ನೂಲಿನಷ್ಟು ಹಸಿರು. ಪಾಲಾಕ್ಷ ಬಗ್ಗಿ ನೋಡಿದ. ಒಂದು ಬದುಕಿರಬಹುದು, ಉಳಿದವು ಎಲ್ಲಿವೆ ಎಂದು ಕೇಳಿದ. ಗಾಳೆಮ್ಮ ಎದ್ದು ನಡೆಯತೊಡಗಿದಳು.

ಮಧ್ಯಾಹ್ನದ ಝಳಕ್ಕೆ ಗುಡ್ಡ ನೀರೊಳಗಿನ ನೆರಳಿನಂತೆ ತೇಲುತ್ತಿತ್ತು. ಅವಳ ಕಣ್ಣಿಗೆ ಬುಡಗಳು ಕಾಣಲಿಲ್ಲ. ಎದೆಮಟ್ಟದ ಹಸಿರು ಕಂಡಿತು, ಎಲೆಯ ಮೇಲಿನ ಹನಿ ಕಂಡಿತು. ಇಲ್ಲದ ರೆಂಬೆಗಳನ್ನು ಮೊಣಕೈಯಿಂದ ಸರಿಸುತ್ತ, ಕೆಲವೆಡೆ ತಲೆ ಬಗ್ಗಿಸುತ್ತ ಹೊರಟಳು. ಇಲ್ಲಿ ಎರಡು, ಆ ಬಂಡೆಯ ಹಿಂದೆ ಒಂದು, ಅದರ ಹಣ್ಣು ಸಣ್ಣದು ಆದರೆ ಬಲು ಸಿಹಿ ಎಂದು ಹೇಳುತ್ತ ಹೋದಳು. ಪಾಲಾಕ್ಷ ಕೆರೆದು ನೋಡಿದಲ್ಲೆಲ್ಲ ಹಸಿರು. ಮೊಬೈಲಿನ ನಕ್ಷೆಯಲ್ಲಿ ಒಂದೊಂದೇ ಚುಕ್ಕಿ ಬೀಳತೊಡಗಿತು. ಮೊದಮೊದಲು ಎಲ್ಲವನ್ನೂ ಕೆರೆದ, ಆಮೇಲೆ ಹತ್ತಕ್ಕೊಂದು.

ಒಂದು ಬಂಡೆಯ ಹತ್ತಿರ ಗಾಳೆಮ್ಮ ನಿಂತುಬಿಟ್ಟಳು. ಯಾರದೋ ಕುಡುಗೋಲು ಬುಡವನ್ನು ನೆಲಮಟ್ಟಕ್ಕೆ ಕಡಿದಿತ್ತು. ಕೆರೆದಳು. ಒಳಗೆಲ್ಲ ಕಂದು. ಪಾಲಾಕ್ಷ ಆಗಲೇ ಚುಕ್ಕಿ ಇಡಲು ಬೆರಳು ಎತ್ತಿದ್ದ.

"ಇದನ್ನ ಬರೀಬ್ಯಾಡ್ರಿ" ಎಂದಳು. "ಇದು ಹೋಗೈತಿ."

ಅವನು ಅವಳ ಮುಖ ನೋಡಿದ. ಅಲ್ಲಿಂದಾಚೆ ಒಂದನ್ನೂ ಕೆರೆಯಲಿಲ್ಲ. ಅವಳು ಹೇಳಿದಲ್ಲೆಲ್ಲ ಚುಕ್ಕಿ ಇಡುತ್ತ ಹಿಂದೆ ನಡೆದ. ಎರಡು ಬಂಡೆಗಳ ನಡುವೆ ಅವಳು ತಲೆ ಬಗ್ಗಿಸಿದಳು, ಅವನೂ ಬಗ್ಗಿಸಿದ. ಮೇಲೆ ಬರೀ ಆಕಾಶ. ಹಿಂದೆ ಬರುತ್ತಿದ್ದ ಕೊಟ್ರಮ್ಮ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

ಹೊತ್ತು ಇಳಿಯುವಾಗ ಅವನು 'ಖಾಲಿ' ಎಂಬುದನ್ನು ಅಳಿಸಿ, ಸೀತಾಫಲದ ಬುಡಗಳಿವೆ, ಮಳೆಯ ನಂತರ ಮತ್ತೆ ಎಣಿಸುವವರೆಗೆ ಅಗೆಯಬಾರದು ಎಂದು ಬರೆದ. ಮೇಲಿನವರು ಒಪ್ಪುವ ಭರವಸೆ ಕೊಡಲಾರೆ ಎಂದೂ ಹೇಳಿದ. ಮೂರೂ ಮಗ್ಗುಲು ಕಡಿದ ಮೇಲೆ ಈ ವರ್ಷ ಹಣ್ಣಿಲ್ಲ ಎಂಬುದು ಗಾಳೆಮ್ಮನಿಗೆ ಗೊತ್ತಿತ್ತು. ಟೆಂಪೊ ಕಳಿಸಬೇಡಿ ಎಂದು ಉಸ್ಮಾನ್ ಸಾಬರಿಗೆ ತಾನೇ ಫೋನ್ ಮಾಡಿದಳು, ಹಣ್ಣಿನ ಸುಗ್ಗಿಯ ದಿನಗಳಲ್ಲಿ ಕೂಲಿಗೆ ಹೋಗುವುದೆಂದು ಗಟ್ಟಿ ಮಾಡಿಕೊಂಡಳು.

ಮೇ ತಿಂಗಳು ಕಳೆಯಿತು, ಜೆಸಿಬಿ ಬರಲಿಲ್ಲ. ಜೂನ್‌ನಲ್ಲಿ ಮಳೆ ಬಿತ್ತು. ಶ್ರಾವಣದ ಒಂದು ಬೆಳಿಗ್ಗೆ ಪಾಲಾಕ್ಷ ಮತ್ತೆ ಬಂದ. ಗುಡ್ಡದ ತುಂಬ ಮೊಣಕಾಲುದ್ದದ ಚಿಗುರು. ಈ ಸಲ ನಕ್ಷೆ ಹಿಡಿದು ಅವನೇ ಮುಂದೆ ನಡೆದ. ಎರಡು ಬಂಡೆಗಳ ನಡುವೆ ಬಂದಾಗ, ಇನ್ನೂ ಬೆಳೆಯದ ಆ ರೆಂಬೆಯ ಕೆಳಗೆ ತಲೆ ಬಗ್ಗಿಸಿ ದಾಟಿದ. ಹಿಂದೆ ಬರುತ್ತಿದ್ದ ಗಾಳೆಮ್ಮನೂ ಬಗ್ಗಿಸಿದಳು.